ಕುಣಿಯುವವರ ನಡುವೆ ಅತ್ತವನು

(ಶನಿವಾರದ ಯೂತ್ ಮೀಟಿಂಗ್ ಸಂದೇಶ. ಓದಿಕೊಳ್ಳಬೇಕಾದ ವಾಕ್ಯಭಾಗಗಳು: ಲೂಕನು 19:28–44, ಲೂಕನು 10:17–20, 1 ಸಮುವೇಲನು 18:6–9)

ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ. ಮೊದಲನೇ ಸಾಲು ಯಾಕೋ ಪ್ರತಿ ಶನಿವಾರ ಖಾಲಿನೇ ಇರುತ್ತೆ. ಸ್ಟೇಡಿಯಂನಲ್ಲಾದ್ರೆ ಇದೇ ಸಾಲಿಗೆ ಜಾಸ್ತಿ ದುಡ್ಡು ಕೊಟ್ಟು ಕೂರ್ತೀರಿ.

ಹೋದ ಭಾನುವಾರ ರಾತ್ರಿ ಎಷ್ಟು ಜನ ನಿದ್ದೆ ಬಿಟ್ಟು ಟೀವಿ ಮುಂದೆ ಕೂತಿದ್ರಿ? ಕೈ ಎತ್ತಿ ನೋಡೋಣ. ನಾನೂ ಎತ್ತಿದೀನಿ. ನವೆಂಬರ್ 2, ನವಿ ಮುಂಬೈ. ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಮೊಟ್ಟಮೊದಲ ಸಲ ವಿಶ್ವಕಪ್ ಎತ್ತಿದರು. ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಆ ಕೊನೇ ಕ್ಯಾಚ್ ಹಿಡಿದಾಗ ನಮ್ಮ ಮನೇಲಿ ಎಂಥ ಕೂಗು ಅಂದ್ರೆ, ಕೆಳಗಿನ ಓನರ್ ಆಂಟಿ ಬೆಳಿಗ್ಗೆ ನನ್ನನ್ನ ಗೇಟ್ ಹತ್ರ ನಿಲ್ಲಿಸಿ, "ಏನ್ ಪಾಸ್ಟರ್, ರಾತ್ರಿ ಪ್ರಾರ್ಥನೆ ಭಾರಿ ಜೋರಾಗಿತ್ತು?" ಅಂದ್ರು. "ಇಲ್ಲ ಆಂಟಿ, ಕ್ರಿಕೆಟ್ಟು" ಅಂದೆ. ನಕ್ಕು ಬಿಟ್ಟರು. ಪ್ರಾರ್ಥನೆಗೆ ಬೈತಿದ್ದರೋ ಏನೋ, ಕ್ರಿಕೆಟ್ಟಿಗೆ ಕ್ಷಮೆ ಸಿಕ್ತು.

ಆ ರಾತ್ರಿ ಇನ್ನೂ ಒಂದು ದೃಶ್ಯ ನೋಡಿದೆ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಈವತ್ತಿನ ವಿಷಯ. ರನ್ ಬಂದಾಗ, ವಿಕೆಟ್ ಬಿದ್ದಾಗ, ಗೋಲ್ ಆದಾಗ ಆಟಗಾರರೂ ನಾವೂ ಹೇಗೆ ಸಂಭ್ರಮಿಸ್ತೀವಿ ಅನ್ನೋದನ್ನ ವಾಕ್ಯದ ಬೆಳಕಲ್ಲಿ ನೋಡೋಣ. ಇಂಥ ವಿಷಯಕ್ಕೂ ಬೈಬಲ್ ಸ್ಟಡಿನಾ ಅಂತ ಅನ್ನಿಸಬಹುದು. ಐದು ತಿಂಗಳ ಹಿಂದೆ ನನಗೂ ಹಾಗೇ ಅನ್ನಿಸ್ತಿತ್ತು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. "ಸ್ಟೇಡಿಯಂನಲ್ಲಿ ಗಂಟಲು ಹರಿಯೋ ಹಾಗೆ ಕೂಗ್ತೀರಿ, ಸಭೆಯಲ್ಲಿ ಯಾಕೆ ಬಾಯಿ ಬಿಡಲ್ಲ?" ಅನ್ನೋ ಪ್ರಸಂಗ ನೀವು ನೂರು ಸಲ ಕೇಳಿದೀರಿ. ನಾನೇ ಬೈಬಲ್ ಕಾಲೇಜಲ್ಲಿದ್ದಾಗ ಪ್ರಾಕ್ಟೀಸ್ ಪ್ರಸಂಗಕ್ಕೆ ಅದನ್ನೇ ಇಟ್ಟುಕೊಂಡಿದ್ದೆ, ಒಳ್ಳೆ ಮಾರ್ಕ್ಸೂ ಬಂತು. ಈವತ್ತು ಅದನ್ನ ಮಾಡಲ್ಲ. ಯಾಕಂದ್ರೆ ನಮ್ಮ ಸಭೆಯಲ್ಲಿ ಕೂಗು ಕಡಿಮೆ ಇಲ್ಲ. ಡ್ರಮ್ಸ್ ಶುರುವಾದರೆ ಪಕ್ಕದ ಜಿಮ್ಮಿನವರು ತಮ್ಮ ಮ್ಯೂಸಿಕ್ ಆಫ್ ಮಾಡ್ತಾರೆ. ನಾವು ಎಷ್ಟು ಜೋರಾಗಿ ಕೂಗ್ತೀವಿ ಅನ್ನೋದು ನನ್ನ ಚಿಂತೆ ಅಲ್ಲ.

ಕೆಲವು ಸಂಭ್ರಮಗಳನ್ನ ನೆನಪಿಸಿಕೊಳ್ಳಿ. ನಮ್ಮ ಚಿನ್ನಸ್ವಾಮಿಯಿಂದಲೇ ಶುರು ಮಾಡ್ತೀನಿ. 1996ರ ಮಾರ್ಚ್ 9, ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ. ಆಮೀರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದ್ ಎಸೆತಕ್ಕೆ ಬೌಂಡರಿ ಹೊಡೆದು, ಚೆಂಡು ಹೋದ ದಿಕ್ಕಿಗೆ ಬ್ಯಾಟ್ ತೋರಿಸಿ ಕೆಣಕಿದ. ಮುಂದಿನ ಎಸೆತ, ಸ್ಟಂಪ್ ಹಾರಿತು. ಪ್ರಸಾದ್ ಅವರು ಪೆವಿಲಿಯನ್ ದಾರಿ ತೋರಿಸಿದರು. ಆಗ ನಾನು ಚಿಕ್ಕವನು, ನಮ್ಮಪ್ಪನ ಬಾಯಲ್ಲಿ ಕೇಳಿದ್ದು. ವಿಶ್ವಾಸಕ್ಕೆ ಬಂದು ಎಷ್ಟೋ ವರ್ಷ ಆದಮೇಲೂ ಅಪ್ಪ ಈ ಕಥೆಯನ್ನ ದಾವೀದ–ಗೊಲ್ಯಾತರ ಕಥೆ ಹೇಳೋ ಉತ್ಸಾಹದಲ್ಲೇ ಹೇಳ್ತಿದ್ರು.

ಅದೇ ಮೈದಾನದಲ್ಲಿ ಈ ವರ್ಷ ಏಪ್ರಿಲ್ 10ಕ್ಕೆ ಏನಾಯ್ತು? ಕೆ.ಎಲ್. ರಾಹುಲ್ ಡೆಲ್ಲಿ ಪರವಾಗಿ ಬಂದು ಆರ್‌ಸಿಬಿ ವಿರುದ್ಧ ಔಟಾಗದೆ 93 ಹೊಡೆದ. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಗೀಚಿ, ನಡುವೆ ಬ್ಯಾಟ್ ಊರಿದ. ಇದು ನನ್ನ ಜಾಗ ಅಂತ. 'ಕಾಂತಾರ' ಸಿನಿಮಾದಿಂದ ತಗೊಂಡದ್ದು ಅಂತ ಅವನೇ ಹೇಳಿದ. (ಆ ಸಿನಿಮಾದ ಬಗ್ಗೆ ನಿಮಗೆ ಪ್ರಶ್ನೆಗಳಿವೆ ಅಂತ ಗೊತ್ತು, ಅದು ಬೇರೆ ಶನಿವಾರಕ್ಕೆ.) ಆವತ್ತು ನಾವು ಆರ್‌ಸಿಬಿಯವರು ಹಲ್ಲು ಕಚ್ಚಿಕೊಂಡ್ವಿ. ಆದರೆ ನಮ್ಮ ಊರಿನ ಹುಡುಗ, ನಮ್ಮದೇ ಕರ್ನಾಟಕದ ಆಟಗಾರ, ಹರಾಜಿನಲ್ಲಿ ತನ್ನೂರಿನ ತಂಡಕ್ಕೆ ಬರಲಿಲ್ಲ. ಆ ವೃತ್ತದಲ್ಲಿ ಸೊಕ್ಕು ಮಾತ್ರ ಇತ್ತು ಅಂತ ನನಗನ್ನಿಸಲ್ಲ, ನೋವೂ ಇತ್ತು ಅನ್ನಿಸುತ್ತೆ. ಎರಡೂವರೆ ವಾರ ಕಳೆದು ಡೆಲ್ಲಿಯಲ್ಲಿ ಆರ್‌ಸಿಬಿ ಗೆದ್ದಾಗ ಕೊಹ್ಲಿ ಅದೇ ವೃತ್ತವನ್ನ ರಾಹುಲ್ ಮುಂದೇನೇ ಗೀಚಿ ತಮಾಷೆ ಮಾಡಿದ, ಇಬ್ಬರೂ ನಕ್ಕರು. ಗೆಳೆಯರ ನಡುವೆ ಹಾಗೆ ಆಗುತ್ತೆ.

ಎಲ್ಲ ಸಲ ಹಾಗಾಗಲ್ಲ. ಲಕ್ನೋ ತಂಡದ ದಿಗ್ವೇಶ್ ರಾಠಿ ವಿಕೆಟ್ ತೆಗೆದಾಗೆಲ್ಲ ಕೈಯಲ್ಲೇ ನೋಟ್‌ಬುಕ್ ಹಿಡಿದ ಹಾಗೆ ಮಾಡಿ, ಔಟಾದವನ ಹೆಸರು ಬರೆದುಕೊಳ್ತಿದ್ದ. ಒಂದು ಸಲ ಸಂಭಾವನೆಯ ಶೇಕಡಾ 25 ದಂಡ ಬಿತ್ತು. ನಿಲ್ಲಿಸಲಿಲ್ಲ. ಶೇಕಡಾ 50 ಆಯ್ತು. ಆಮೇಲೆ ಅಭಿಷೇಕ್ ಶರ್ಮ ಜೊತೆ ಮೈದಾನದಲ್ಲೇ ಜಗಳಕ್ಕೆ ಬಿದ್ದು ಒಂದು ಪಂದ್ಯ ಹೊರಗೆ ಕೂರಬೇಕಾಯ್ತು. ಈ ನೋಟ್‌ಬುಕ್ ಅವನ ಸ್ವಂತದ್ದೂ ಅಲ್ಲ. 2017ರಲ್ಲಿ ಜಮೈಕಾದಲ್ಲಿ ಕೆಸ್ರಿಕ್ ವಿಲಿಯಮ್ಸ್ ಕೊಹ್ಲಿಗೆ ಮಾಡಿದ್ದ. ಕೊಹ್ಲಿ ಎರಡು ವರ್ಷ ನೆನಪಿಟ್ಟುಕೊಂಡು, 2019ರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿ ಅದೇ ವಿಲಿಯಮ್ಸ್‌ಗೆ ಸಿಕ್ಸ್ ಹೊಡೆದು, ಅದೇ ನೋಟ್‌ಬುಕ್ ತೆಗೆದು ತೋರಿಸಿದ. ಎರಡು ವರ್ಷ! ನಮ್ಮಲ್ಲೂ ಕೆಲವರು ಹೀಗೆ ನೋಟ್‌ಬುಕ್ ಇಟ್ಟುಕೊಂಡೇ ಓಡಾಡ್ತೀವಿ, ಅಲ್ವಾ? ಪ್ರಮೋಷನ್ ಬಂದ ದಿನ ಮೊದಲು ನೆನಪಾಗೋದು ದೇವರಲ್ಲ, "ನಿನ್ನ ಕೈಲಾಗಲ್ಲ" ಅಂದಿದ್ದ ಮ್ಯಾನೇಜರ್ ಮುಖ.

ಶತ್ರು ಬಿದ್ದಾಗ ಹಿಗ್ಗಬೇಡ, ಅವನು ಎಡವಿದಾಗ ನಿನ್ನ ಹೃದಯ ಕುಣಿಯದಿರಲಿ ಅನ್ನೋ ಅರ್ಥದ ಮಾತು ಜ್ಞಾನೋಕ್ತಿ 24:17ರಲ್ಲಿದೆ. ಓದಿಕೊಳ್ಳಿ. ಹೋದ ತಿಂಗಳು ಇದನ್ನ ಹೇಳಿದಾಗ ಒಬ್ಬ ತಂಗಿ, "ಅಣ್ಣ, ಹಾಗಾದ್ರೆ ಮಿರ್ಯಾಮಳು ಕೆಂಪು ಸಮುದ್ರದ ದಡದಲ್ಲಿ ದಮ್ಮಡಿ ಹಿಡಿದು ಕುಣಿದಳಲ್ಲ, ಐಗುಪ್ತದವರು ಮುಳುಗಿ ಹೋಗಿದ್ರಲ್ಲ?" ಅಂತ ಕೇಳಿದಳು. ಒಳ್ಳೆ ಪ್ರಶ್ನೆ. ನನ್ನ ಉತ್ತರ ಚಿಕ್ಕದು: ಅದು ಆಟ ಅಲ್ಲ. ನಾನೂರು ವರ್ಷ ಪರದೇಶದಲ್ಲಿ ಕಳೆದು, ಮಕ್ಕಳನ್ನ ನದಿಗೆ ಎಸೆದದ್ದನ್ನ ಕಂಡು, ಇನ್ನು ಸತ್ತೇ ಹೋದ್ವಿ ಅಂದುಕೊಂಡವರು ಆ ದಡದಲ್ಲಿ ಜೀವಂತ ನಿಂತಿದ್ದರು. ಅವರು ಕುಣಿದದ್ದು ಬದುಕಿ ಉಳಿದದ್ದಕ್ಕೆ. ನಾವು ಶನಿವಾರ ಟರ್ಫಲ್ಲಿ ಗೋಲ್ ಹೊಡೆದು ಕೀಪರ್ ಮುಖದ ಮುಂದೆ 'ಸಿಯೂ' ಅಂತ ಕೂಗೋದಕ್ಕೆ ಮಿರ್ಯಾಮಳನ್ನ ಎಳೆದು ತರಬೇಡಿ.

ಈಗ ಅಭಿಮಾನಿಗಳ ವಿಷಯಕ್ಕೆ ಬರೋಣ. ಬೈಬಲಿನಲ್ಲಿ ನಮ್ಮ ಸ್ಟೇಡಿಯಂ ಘೋಷಣೆಗೆ ತುಂಬ ಹತ್ತಿರದ್ದು ಯಾವುದು ಗೊತ್ತಾ? 1 ಸಮುವೇಲನು 18. ದಾವೀದ ಗೊಲ್ಯಾತನನ್ನ ಕೊಂದು ವಾಪಸ್ಸು ಬರ್ತಿದಾನೆ. ಊರೂರಿನ ಹೆಂಗಸರು ದಮ್ಮಡಿ ಹಿಡಿದು ಬೀದಿಗೆ ಬಂದರು. ಹಾಡಿನ ಸಾರ ಇಷ್ಟೇ, ಸೌಲನ ಸ್ಕೋರು ಸಾವಿರಗಟ್ಟಲೆ, ದಾವೀದನ ಸ್ಕೋರು ಹತ್ತುಸಾವಿರಗಟ್ಟಲೆ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಖುಷಿಯಾಗಿತ್ತು, ಹಾಡಿದರು. ಆದರೆ ಆ ಒಂದು ಸಾಲು ಸೌಲನ ಎದೆಗೆ ಮುಳ್ಳಿನ ಹಾಗೆ ನಾಟಿತು. ಆ ದಿನದಿಂದ ಅವನು ದಾವೀದನ ಮೇಲೆ ಕಣ್ಣಿಟ್ಟ, ಮಾರನೇ ದಿನವೇ ಈಟಿ ಎಸೆದ. ಹಾಡು ಅಲ್ಲಿಗೇ ನಿಲ್ಲಲಿಲ್ಲ. 21ನೇ ಅಧ್ಯಾಯದಲ್ಲಿ ದಾವೀದ ಜೀವ ಉಳಿಸಿಕೊಳ್ಳೋಕೆ ಗತ್ ಊರಿಗೆ ಓಡಿದರೆ, ಅಲ್ಲಿನ ಫಿಲಿಷ್ಟಿಯರ ಬಾಯಲ್ಲೂ ಅದೇ ಹಾಡು! 29ನೇ ಅಧ್ಯಾಯದಲ್ಲಿ ಇನ್ನೊಂದು ಸಲ. ಈಗಿನ ಭಾಷೇಲಿ ಹೇಳೋದಾದ್ರೆ ವೈರಲ್ ಆಗಿತ್ತು. ಅದನ್ನ ಹಾಡಿದ ಹೆಂಗಸರು ಮನೆಗೆ ಹೋಗಿ ಅಡುಗೆ ಮಾಡಿಕೊಂಡರು. ಬೆಲೆ ಕೊಟ್ಟವನು ದಾವೀದ, ಗುಹೆಯಿಂದ ಗುಹೆಗೆ ವರ್ಷಗಟ್ಟಲೆ ಓಡಿ.

ಜೆಮಿಮಾ ರಾಡ್ರಿಗಸ್ ಬಗ್ಗೆ ಹೇಳದೆ ಮುಂದೆ ಹೋದರೆ ನೀವು ಬಿಡಲ್ಲ. ಆಕೆಯ ಮನೆತನದ ಬೇರು ನಮ್ಮ ಮಂಗಳೂರು ಕಡೆಯದು, ಹಾಗಾಗಿ ನಮಗೆ ಸ್ವಲ್ಪ ಜಾಸ್ತಿನೇ ಖುಷಿ. ಅಕ್ಟೋಬರ್ 30, ಸೆಮಿಫೈನಲ್, ಆಸ್ಟ್ರೇಲಿಯಾ 338 ಹೊಡೆದಿದೆ. ಆಕೆ ಔಟಾಗದೆ 127. ಆದರೆ ನೂರು ತಲುಪಿದಾಗ ಗಮನಿಸಿದ್ರಾ? ಹೆಚ್ಚು ಕಡಿಮೆ ಏನೂ ಮಾಡಲಿಲ್ಲ. ಕೆಲಸ ಇನ್ನೂ ಮುಗಿದಿಲ್ಲ ಅನ್ನೋ ಹಾಗೆ ಮತ್ತೆ ಸ್ಟಾನ್ಸ್ ತಗೊಂಡಳು. ಗೆದ್ದ ಮೇಲೆ ಅತ್ತಳು, ಯೇಸುವಿಗೆ ಸ್ತೋತ್ರ ಹೇಳಿದಳು, ಈ ಟೂರ್ನಿ ಪೂರ್ತಿ ಆತಂಕದಲ್ಲಿ ಎಷ್ಟು ದಿನ ಅತ್ತಿದ್ದೆ ಅಂತ ಎಲ್ಲರ ಮುಂದೆ ಒಪ್ಪಿಕೊಂಡಳು. ಅಷ್ಟಕ್ಕೇ ಆಕೆಯನ್ನ ಸೋಷಿಯಲ್ ಮೀಡಿಯಾದಲ್ಲಿ ಹೀಗಳೆದವರೂ ಇದ್ದರು, ನಮ್ಮ ವಾಟ್ಸಾಪ್ ಗ್ರೂಪಲ್ಲಿ ನೀವು ಅದಕ್ಕೆ ಕುದ್ದದ್ದನ್ನೂ ನೋಡಿದೆ. ನನಗೆ ಮಾತ್ರ ಆ ಕ್ಲಿಪ್ಪಿನಲ್ಲಿ ಯೇಸುವಿನ ಹೆಸರಿಗಿಂತ ಮುಖ್ಯವಾಗಿ ಕೇಳಿಸಿದ್ದು ಆ ಆತಂಕದ ಮಾತು. ಹೆಸರು ಹೇಳೋದು ಸುಲಭ, ಎಲ್ಲ ದೇವರ ಹೆಸರನ್ನೂ ಆಟಗಾರರು ಹೇಳ್ತಾರೆ, ಆಕಾಶಕ್ಕೆ ಬೆರಳು ತೋರಿಸ್ತಾರೆ. ಗೆದ್ದ ಹೊತ್ತಲ್ಲಿ ತನ್ನ ಬಲಹೀನತೆಯನ್ನ ಹೇಳಿಕೊಳ್ಳೋರು ಕಡಿಮೆ.

ಪೌಲನಿಗೂ ಈ ಲೋಕ ಗೊತ್ತಿತ್ತು. ಕೊರಿಂಥದ ಪಕ್ಕದಲ್ಲೇ ಇಸ್ತ್ಮಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೀತಿತ್ತು. ಗೆದ್ದವನ ತಲೆಗೆ ಪೈನ್ ಮರದ ಎಲೆಯ ಕಿರೀಟ, ಒಂದು ಕಾಲದಲ್ಲಿ ಒಣಗಿದ ಸೆಲರಿ ಸೊಪ್ಪಿನದು. ಸೊಪ್ಪು! ಬಾಡಿಹೋಗುವ ಕಿರೀಟ ಅಂತ 1 ಕೊರಿಂಥದಲ್ಲಿ ಅವನು ಬರೆದಾಗ ಓದಿದವರ ಕಣ್ಣಮುಂದೆ ನಿಜವಾಗಿಯೂ ಒಂದು ಬಾಡಿದ ಸೊಪ್ಪಿನ ಕಿರೀಟ ಬಂದಿರುತ್ತೆ.

ಜೂನ್ 4

ಈಗ ಹೇಳಬೇಕಾದದ್ದು ಕಷ್ಟದ್ದು. ಇಷ್ಟು ದಿನ ಈ ವೇದಿಕೆಯಿಂದ ಹೇಳಿಲ್ಲ.

ಜೂನ್ 3, ಮಂಗಳವಾರ. ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್ನಿಂದ ಸೋಲಿಸ್ತು. ಹದಿನೆಂಟನೇ ಸೀಸನ್ನಿನಲ್ಲಿ ಮೊದಲ ಕಪ್. ಕೊನೇ ಓವರ್ ಮುಗಿಯೋ ಮೊದಲೇ ಕೊಹ್ಲಿ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ. ಬೈಕ್ ತಗೊಂಡು ಬೀದಿಗಿಳಿದೆ. ಗುರುತೇ ಇಲ್ಲದ ಹುಡುಗರು ತಬ್ಬಿಕೊಂಡರು. ಆಟೋ ಮೇಲೆ ನಿಂತು ಬಾವುಟ ಬೀಸ್ತಿದ್ರು. ಈ ಊರಲ್ಲಿ ಮುಸ್ಲಿಂ, ಹಿಂದೂ, ಕ್ರೈಸ್ತ, ತಮಿಳರು, ಕನ್ನಡಿಗರು, ಉತ್ತರದಿಂದ ಬಂದವರು ಎಲ್ಲ ಒಂದೇ ಮಾತು ಕೂಗಿದ್ದನ್ನ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಪೂರ್ತಿ ಲೌಕಿಕ ಅಂತ ಅದನ್ನ ತಳ್ಳಿಹಾಕೋಕೆ ನನಗೆ ಈಗಲೂ ಮನಸ್ಸಿಲ್ಲ.

ಮಾರನೇ ದಿನ ಬುಧವಾರ. ನಮ್ಮ ಬೈಬಲ್ ಸ್ಟಡಿ ಇರೋ ದಿನ. ತಂಡ ಬೆಂಗಳೂರಿಗೆ ಬರುತ್ತೆ, ವಿಧಾನಸೌಧದಲ್ಲಿ ಸನ್ಮಾನ, ಆಮೇಲೆ ಚಿನ್ನಸ್ವಾಮಿಯಲ್ಲಿ ಕಾರ್ಯಕ್ರಮ. ಬೆಳಿಗ್ಗೆ ಯೂತ್ ಗ್ರೂಪಲ್ಲಿ ಮೆಸೇಜ್ ಹಾಕಿದವನು ನಾನೇ: "ಈವತ್ತು ಸ್ಟಡಿ ಶುಕ್ರವಾರಕ್ಕೆ ಹೋಗಿದೆ. ಹದಿನೆಂಟು ವರ್ಷ ಕಾದಿದೀವಿ. ಹೋಗಿ ಬನ್ನಿ, ಮಜಾ ಮಾಡಿ." ಕೆಳಗೆ ಕೆಂಪು ಹಾರ್ಟ್ ಮೂರು. ಆ ಮೆಸೇಜನ್ನ ನಾನು ಡಿಲೀಟ್ ಮಾಡಿಲ್ಲ. ಸ್ಕ್ರೋಲ್ ಮಾಡಿದರೆ ಈಗಲೂ ಇದೆ.

ನಮ್ಮಲ್ಲಿಂದ ಆರು ಜನ ಹೋದರು. ನಾನು ಆಫೀಸಲ್ಲಿದ್ದೆ. ಸಂಜೆ ಒಬ್ಬ ಕೊಲೀಗ್ ಫೋನ್ ತೋರಿಸಿದ. ಸ್ಟೇಡಿಯಂ ಗೇಟುಗಳ ಹತ್ರ ನೂಕುನುಗ್ಗಲು, ಸಾವು. ನಾನು ಆರು ಜನಕ್ಕೂ ಫೋನ್ ಮಾಡಿದೆ. ಒಬ್ಬರದ್ದೂ ತಗುಲಲಿಲ್ಲ. ಆ ಭಾಗದಲ್ಲಿ ನೆಟ್‌ವರ್ಕ್ ಸತ್ತಿತ್ತು. ಒಂದು ಗಂಟೆ ಇಪ್ಪತ್ತು ನಿಮಿಷ. ಆಫೀಸಿನ ಮೆಟ್ಟಿಲ ಮೇಲೆ ಕೂತು ಪ್ರಾರ್ಥನೆ ಮಾಡಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಪ್ರಾರ್ಥನೆಗೆ ಮಾತೇ ಬರಲಿಲ್ಲ. ಮೆಸೇಜನ್ನೇ ಮತ್ತೆ ಮತ್ತೆ ಓದ್ತಿದ್ದೆ.

ಆರು ಜನರೂ ಬಂದರು. ಕರ್ತನಿಗೆ ಸ್ತೋತ್ರ. ಒಬ್ಬ ತಮ್ಮನ ಮುಂಗೈ ಮೂಳೆ ಮುರಿದಿತ್ತು, ಒಬ್ಬ ತಂಗಿ ಚಪ್ಪಲಿ ಇಲ್ಲದೆ ಎಂ.ಜಿ. ರೋಡಿನವರೆಗೂ ನಡೆದಿದ್ದಳು. ಆದರೆ ಊರಲ್ಲಿ ಹನ್ನೊಂದು ಮನೆಗೆ ಮಕ್ಕಳು ವಾಪಸ್ಸು ಬರಲಿಲ್ಲ. ಹನ್ನೊಂದು. ಬಹುಪಾಲು ನಿಮ್ಮ ವಯಸ್ಸಿನವರು, ಕೆಲವರು ಇನ್ನೂ ಚಿಕ್ಕವರು. ಹಾಗಾಗಿ "ನಮ್ಮವರನ್ನ ದೇವರು ಕಾಪಾಡಿದ" ಅಂತ ನಾನು ಸಾಕ್ಷಿ ಹೇಳೋಕೆ ಹೊರಟಾಗೆಲ್ಲ ನಾಲಿಗೆ ತಡೆಯುತ್ತೆ. ಸ್ತೋತ್ರ ಇದೆ, ಖಂಡಿತ ಇದೆ. ಅದನ್ನ ಆ ಹನ್ನೊಂದು ತಾಯಂದಿರು ಕೇಳಿಸಿಕೊಂಡರೆ ಹೇಗಿರುತ್ತೆ ಅನ್ನೋದನ್ನ ಯೋಚಿಸಿ ಹೇಳಬೇಕು ಅನ್ನಿಸುತ್ತೆ.

ಯಾರ ತಪ್ಪು ಅಂತ ವಿಚಾರಣೆ ಮಾಡೋದು ನನ್ನ ಕೆಲಸ ಅಲ್ಲ, ಅದಕ್ಕೆ ನ್ಯಾಯಾಲಯ ಇದೆ. ಮುಂಗೈ ಮುರಿದ ಆ ತಮ್ಮ ಹೇಳಿದ್ದು ಮಾತ್ರ ನನ್ನ ತಲೆಯಿಂದ ಹೋಗಿಲ್ಲ. "ಅಣ್ಣ, ಹಿಂದಿನವರು ಹಾಡ್ತಾನೇ ಇದ್ರು. ನಮ್ಮ ಕಡೆ ಜನ ಉಸಿರಿಗೆ ಒದ್ದಾಡ್ತಿದ್ರು. ಹಿಂದೆ 'ಆರ್‌ಸಿಬಿ, ಆರ್‌ಸಿಬಿ' ಅಂತ ಹಾಡ್ತಾನೇ ಇದ್ರು."

ಆಮೇಲೆ ನಾನು ಈ ವಿಷಯ ಓದಿದೆ. ಇಂಥ ನೂಕುನುಗ್ಗಲಲ್ಲಿ ಜನ ಸಾಯೋದು ಹೆಚ್ಚಾಗಿ ತುಳಿತದಿಂದ ಅಲ್ಲ. ಎದೆಯ ಮೇಲೆ ಎಲ್ಲ ಕಡೆಯಿಂದ ಒತ್ತಡ ಬಿದ್ದು ಪಕ್ಕೆಲುಬು ಹಿಗ್ಗೋಕೆ ಜಾಗ ಇರಲ್ಲ. ನಿಂತ ಹಾಗೇ ಉಸಿರು ನಿಲ್ಲುತ್ತೆ. ಒಂದು ಚದರ ಮೀಟರಿನಲ್ಲಿ ಆರೇಳು ಜನ ಸೇರಿದರೆ ನಮ್ಮ ಮೈ ನಮ್ಮ ಮಾತು ಕೇಳಲ್ಲ, ಅಲೆ ಎತ್ತಿಕೊಂಡು ಹೋದ ಹಾಗೆ ಹೋಗ್ತೀವಿ. ಹಿಂದಿದ್ದವನಿಗೆ ಮುಂದಿನವನ ಸಂಕಟ ಕಾಣೋದೇ ಇಲ್ಲ. ಅವನು ಕೆಟ್ಟವನಲ್ಲ. ಅವನಿಗೆ ಒಂದು ಹೆಜ್ಜೆ ಮುಂದೆ ಜಾಗ ಇದ್ದ ಹಾಗೆ ಕಾಣುತ್ತೆ, ಇಡ್ತಾನೆ. ಅದೇ ಒಂದೊಂದು ಹೆಜ್ಜೆ ಸೇರಿ ಮುಂದಿನವನ ಎದೆ ಮೇಲೆ ಬೀಳುತ್ತೆ. ಆವತ್ತು ಒಳಗೆ ಕಪ್ ಹಿಡಿದು ಸಂಭ್ರಮ, ಹೊರಗೆ ಆಂಬುಲೆನ್ಸು. ಗೋಡೆ ಒಂದೇ.

ಗುಡ್ಡದ ಇಳಿಜಾರಿನಲ್ಲಿ

ಆ ವಾರ ನಾನು ಬೈಬಲ್ ತೆರೆದಾಗ ಲೂಕನು 19 ಬಂತು. ನಾವು ಗರಿಗಳ ಭಾನುವಾರ ಪ್ರತಿ ವರ್ಷ ಓದೋ ಭಾಗ. ಎಷ್ಟು ಸಲ ಓದಿದೀನಿ, 40ನೇ ವಚನಕ್ಕೆ ನಿಲ್ಲಿಸಿ ಹಾಡು ಶುರು ಮಾಡಿದೀವಿ. 41 ಓದಲ್ಲ.

ನೋಡಿ. ಯೇಸು ಕತ್ತೆಮರಿಯ ಮೇಲೆ ಕೂತು ಎಣ್ಣೆಮರಗಳ ಗುಡ್ಡ ಇಳಿದು ಬರ್ತಿದಾನೆ. ಶಿಷ್ಯರ ಗುಂಪು ಪೂರ್ತಿ, ತಾವು ನೋಡಿದ ಮಹತ್ಕಾರ್ಯಗಳಿಗೆಲ್ಲ ದೊಡ್ಡ ಧ್ವನಿಯಿಂದ ದೇವರನ್ನ ಕೊಂಡಾಡ್ತಾ ಬರ್ತಿದೆ. ಬಟ್ಟೆ ಹಾಸಿದ್ದಾರೆ. ಬಸ್ಸಿನ ಮೇಲೆ ಕಪ್ ಹಿಡಿದು ಬರೋ ಮೆರವಣಿಗೆ ಇದ್ದ ಹಾಗೆ ಅನ್ಕೊಳ್ಳಿ, ಆದರೆ ಇಲ್ಲಿ ರಾಜ ನಿಜವಾದ ರಾಜ. ಕೆಲವು ಫರಿಸಾಯರಿಗೆ ಹಿಡಿಸಲ್ಲ. ಬೋಧಕನೇ, ನಿನ್ನವರನ್ನ ಸುಮ್ಮನಿರಿಸು ಅಂತಾರೆ. ಯೇಸು ಒಪ್ಪಲ್ಲ. ಇವರು ಸುಮ್ಮನಾದರೆ ಕಲ್ಲುಗಳೇ ಕೂಗ್ತವೆ ಅಂತಾನೆ. ಇದು ನನಗೆ ಬಹಳ ಮುಖ್ಯ. ಜೂನ್ 4ರ ನಂತರ ಕೆಲವು ಹಿರಿಯರು ನನಗೆ, "ಯೂತಿಗೆ ಇನ್ನು ಕ್ರಿಕೆಟ್ ಬೇಡ ಅಂತ ಹೇಳಿ ಬ್ರದರ್" ಅಂದ್ರು. ಅವರ ಕಾಳಜಿ ಅರ್ಥವಾಗುತ್ತೆ. ಆದರೆ ಆವತ್ತು ಯೇಸುವಿನ ಬಾಯಿಂದ ಸಂಭ್ರಮ ನಿಲ್ಲಿಸಿ ಅನ್ನೋ ಮಾತು ಬರಲಿಲ್ಲ, ನನ್ನ ಬಾಯಿಂದಲೂ ಬರಲ್ಲ.

ಮುಂದಿನ ವಚನ. ಊರು ಹತ್ತಿರ ಬಂತು, ಅದನ್ನ ನೋಡಿ ಅತ್ತನು.

ಹಿಂದೆ ಮುಂದೆ ಹಾಡು ನಡೀತಾನೇ ಇದೆ. ನಿಲ್ಲಿಸಿದರು ಅಂತ ಲೂಕ ಬರೆದಿಲ್ಲ. ಇಲ್ಲಿ ಗ್ರೀಕ್‌ನ ಒಂದು ಸಣ್ಣ ವಿಷಯ, ಡಿಪ್ಲೊಮಾ ಫೀಸು ಕಟ್ಟಿದ್ದಕ್ಕೆ ಇಷ್ಟಾದರೂ ಬಳಸ್ತೀನಿ. ಲಾಜರನ ಸಮಾಧಿ ಹತ್ರ ಯೇಸು ಕಣ್ಣೀರು ಬಿಟ್ಟನು ಅನ್ನೋ ಕಡೆ, ಯೋಹಾನ 11:35ರಲ್ಲಿ, ಇರೋ ಕ್ರಿಯಾಪದ 'ದಕ್ರೂಓ'. ಕಣ್ಣೀರು ಹರಿಯೋದು, ಮೌನವಾಗಿರಬಹುದು. ಲೂಕನು 19:41ರಲ್ಲಿರೋದು 'ಕ್ಲಾಯೋ'. ಸತ್ತ ಮನೆಯಲ್ಲಿ ಅಳೋ ಹಾಗೆ, ಧ್ವನಿ ತೆಗೆದು ಅಳೋದು. ಮೆರವಣಿಗೆಯ ನಡುವೆ, ಮೆರವಣಿಗೆ ಯಾರಿಗೋಸ್ಕರವೋ ಅವನೇ, ಜೋರಾಗಿ ಅಳ್ತಿದಾನೆ. ಅಕ್ಕಪಕ್ಕದಲ್ಲಿದ್ದವರಿಗೆ ಆನಂದಬಾಷ್ಪ ಅನ್ನಿಸಿರಬಹುದು.

ಅವನು ಯಾಕೆ ಅತ್ತ? ಹಾಡುತ್ತಿದ್ದವರಿಗೆ ಕಾಣದ್ದು ಅವನಿಗೆ ಕಂಡಿತ್ತು. 43, 44ನೇ ವಚನ ಓದಿ. ಶತ್ರುಗಳು ಊರ ಸುತ್ತ ಒಡ್ಡು ಹಾಕಿ, ಮುತ್ತಿಗೆ ಹಾಕಿ, ನಿನ್ನ ಮಕ್ಕಳ ಸಮೇತ ನೆಲಸಮ ಮಾಡ್ತಾರೆ ಅಂತ ಅವನು ಊರಿನ ಜೊತೆ ಮಾತಾಡ್ತಾನೆ. ನಲವತ್ತು ವರ್ಷದ ಹತ್ತಿರ ಕಳೆದು, ಕ್ರಿ.ಶ. 70ರಲ್ಲಿ, ತೀತನ ಸೈನ್ಯ ಅದನ್ನೇ ಮಾಡ್ತು. ಗುಂಪಿಗೆ ಮುಂದಿನ ಹೆಜ್ಜೆ ಮಾತ್ರ ಕಾಣ್ತಿತ್ತು. ಅವನಿಗೆ ಆ ಊರಿನ ಮಕ್ಕಳು ಕಂಡರು. ಆ ತಮ್ಮ ಹೇಳಿದ್ದನ್ನ ನೆನಪಿಸಿಕೊಳ್ಳಿ, ಹಿಂದಿನವರು ಹಾಡ್ತಾನೇ ಇದ್ರು.

ಇದನ್ನ ಓದಿದ ಮೇಲೆ ನನಗೆ ಹಳೇ ಒಂದು ಗೋಲ್ ಹೊಸದಾಗಿ ಕಂಡಿತು. 2010ರ ಜುಲೈ 11, ಜೋಹಾನ್ಸ್‌ಬರ್ಗ್, ಫುಟ್‌ಬಾಲ್ ವಿಶ್ವಕಪ್ ಫೈನಲ್. ಎಕ್ಸ್‌ಟ್ರಾ ಟೈಮಿನಲ್ಲಿ, 116ನೇ ನಿಮಿಷಕ್ಕೆ ಇನಿಯೆಸ್ತಾ ಗೋಲ್ ಹೊಡೆದ. ಸ್ಪೇನಿಗೆ ಮೊದಲ ವಿಶ್ವಕಪ್. ಓಡಿಹೋಗಿ ಜೆರ್ಸಿ ಕಿತ್ತ. ಒಳಗಿನ ಬಿಳಿ ಬನಿಯನ್ ಮೇಲೆ ಕೈಯಲ್ಲಿ ಬರೆದಿತ್ತು, ದಾನಿ ಹಾರ್ಕೆ ಯಾವಾಗಲೂ ನಮ್ಮೊಂದಿಗೆ ಇದಾನೆ ಅನ್ನೋ ಅರ್ಥದ ಮಾತು. ಹಾರ್ಕೆ ಅಂದರೆ ಹಿಂದಿನ ವರ್ಷ ಆಗಸ್ಟಿನಲ್ಲಿ ಇಪ್ಪತ್ತಾರನೇ ವಯಸ್ಸಿಗೇ ಹೃದಯ ನಿಂತು ಸತ್ತ ಗೆಳೆಯ. ಅದೂ ಎಸ್ಪಾನ್ಯೋಲ್ ಕ್ಲಬ್ಬಿನವನು, ಇನಿಯೆಸ್ತಾನ ಬಾರ್ಸಿಲೋನಾಗೆ ಅದೇ ಊರಿನ ಎದುರಾಳಿ. ಲೋಕವೇ ನೋಡ್ತಿರೋ ನಿಮಿಷದಲ್ಲಿ, ಬರೋಕಾಗದವನನ್ನ ಕರೆದುಕೊಂಡು ಬಂದ. ಜೆರ್ಸಿ ತೆಗೆದರೆ ಹಳದಿ ಕಾರ್ಡು ಅನ್ನೋದು ನಿಯಮ, ರೆಫರಿ ಕೊಟ್ಟರು. ಕೊಡಲಿ ಬಿಡಿ.

ಹೋದ ಭಾನುವಾರ ನೋಡಿದ್ದು ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ. ಪ್ರತೀಕಾ ರಾವಲ್. ಟೂರ್ನಿಯಲ್ಲಿ ಅಷ್ಟೊಂದು ರನ್ ಹೊಡೆದು, ಸೆಮಿಫೈನಲಿಗೆ ಮೊದಲು ಕಾಲಿಗೆ ಪೆಟ್ಟು ಬಿದ್ದು ತಂಡದಿಂದ ಹೊರಗೆ. ಅವಳ ಜಾಗಕ್ಕೆ ಬಂದ ಶಫಾಲಿ ಫೈನಲಲ್ಲಿ 87 ಹೊಡೆದಳು. ನಾನಾಗಿದ್ದರೆ ಹೋಟೆಲ್ ರೂಮಲ್ಲಿ ಬಾಗಿಲು ಹಾಕಿಕೊಂಡು ಕೂರ್ತಿದ್ದೆ. ಅವಳು ವೀಲ್‌ಚೇರಲ್ಲಿ ಬಂದಳು, ಗೆಳತಿಯರು ಅವಳನ್ನ ಸಂಭ್ರಮದ ನಡುವೆ ಇಟ್ಟುಕೊಂಡರು. ಆಮೇಲೆ ಕಪ್ಪನ್ನ ಎಷ್ಟೋ ವರ್ಷ ಆಡಿಯೂ ಗೆಲ್ಲಲಾಗದೆ ನಿವೃತ್ತರಾದ ಮಿಥಾಲಿ ರಾಜ್, ಝೂಲನ್ ಗೋಸ್ವಾಮಿ ಅವರ ಕೈಗೂ ಕೊಟ್ಟರು. ಅದನ್ನ ನೋಡ್ತಾ ನನ್ನ ಹೆಂಡತಿ ಒಂದು ಮಾತು ಹೇಳಿದಳು, "ನಮ್ಮ ಸಾಕ್ಷಿ ಸಮಯ ಹೀಗಿರಲ್ಲ ಅಲ್ವಾ?"

ಅವಳು ಯಾಕೆ ಹಾಗಂದಳು ಅಂತ ನನಗೆ ಗೊತ್ತು. ಮೂರು ವರ್ಷದ ಹಿಂದೆ ನಮಗೆ ಮಗಳು ಹುಟ್ಟಿದಾಗ ನಾನು ಇದೇ ವೇದಿಕೆ ಮೇಲೆ ಕುಣಿದೆ. ಅಕ್ಷರಶಃ ಕುಣಿದೆ, ವೀಡಿಯೋ ಇದೆ. "ನಂಬಿದವರನ್ನ ದೇವರು ನಾಚಿಕೆಪಡಿಸಲ್ಲ" ಅಂತ ಕೂಗಿದೆ, ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ಆಗ ಸಭೆಯಲ್ಲಿ ಒಬ್ಬ ಅಣ್ಣ, ಅಕ್ಕ ಕೂತಿದ್ದರು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ನನಗಿಂತ ಹೆಚ್ಚು ಉಪವಾಸ ಮಾಡಿದವರು, ನನಗಿಂತ ಹೆಚ್ಚು ನಂಬಿದವರು. ಅಕ್ಕ ಚಪ್ಪಾಳೆ ತಟ್ಟುತ್ತಾ ಎದ್ದು ಹೊರಗೆ ಹೋದರು. ನನ್ನ ಹೆಂಡತಿ ನೋಡಿದಳು, ನಾನು ನೋಡಲಿಲ್ಲ. ನನಗೆ ಮುಂದಿನ ಹೆಜ್ಜೆ ಮಾತ್ರ ಕಾಣ್ತಿತ್ತು. ಈಗ ಅವರು ಬೇರೆ ಸಭೆಗೆ ಹೋಗ್ತಾರೆ. ಹೋದ ತಿಂಗಳು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಕ್ಕ ಕಾಫಿ ಕೊಟ್ಟು, "ನೀವು ಕುಣಿದದ್ದು ತಪ್ಪಲ್ಲ ಬ್ರದರ್, ನಂಬಿದವರನ್ನ ನಾಚಿಕೆಪಡಿಸಲ್ಲ ಅಂದ್ರಲ್ಲ, ಆ ಮಾತು ಮನೆಗೆ ಬಂದ ಮೇಲೂ ಬಿಡಲಿಲ್ಲ" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ.

ಅದಕ್ಕೇ ಲೂಕನು 10 ಓದೋಕೆ ಹೇಳಿದ್ದು. ಎಪ್ಪತ್ತು ಮಂದಿ ಸಂತೋಷದಿಂದ ವಾಪಸ್ಸು ಬಂದರು. ದೆವ್ವಗಳೂ ನಮಗೆ ಅಧೀನ ಅಂತ ಸ್ಕೋರ್ ಹೇಳಿದರು. ಯೇಸು ಮೊದಲು ಅವರ ಜೊತೆ ಸಂತೋಷಪಟ್ಟ, ಸೈತಾನ ಮಿಂಚಿನ ಹಾಗೆ ಬೀಳೋದನ್ನ ನೋಡಿದೆ ಅಂದ. ಆಮೇಲೆ ಆ ಸಂತೋಷವನ್ನ ಸ್ವಲ್ಪ ತಿರುಗಿಸಿದ. ಅಧೀನವಾದದ್ದಕ್ಕಲ್ಲ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿರೋದಕ್ಕೆ ಹಿಗ್ಗಿ ಅಂದ. ವ್ಯತ್ಯಾಸ ಗಮನಿಸಿ. ದೆವ್ವ ಬಿಡಿಸೋದ್ರಲ್ಲಿ ಒಬ್ಬನಿಗೆ ಐದು, ಒಬ್ಬನಿಗೆ ಸೊನ್ನೆ ಇರಬಹುದು. ಆದರೆ ಆ ಪುಸ್ತಕದಲ್ಲಿ ಎಪ್ಪತ್ತು ಹೆಸರೂ ಒಂದೇ ಪುಟದಲ್ಲಿವೆ. ಮಗು ಹುಟ್ಟಿದ ನನ್ನದೂ, ಕಾಫಿ ಕೊಟ್ಟ ಅಕ್ಕನದೂ. ಆವತ್ತು ನಾನು ಅದಕ್ಕೆ ಕುಣಿದಿದ್ದರೆ ಅಕ್ಕ ಹೊರಗೆ ಹೋಗ್ತಿರಲಿಲ್ಲವೇನೋ. ಗೊತ್ತಿಲ್ಲ.

ಮುಂದಿನ ಭಾನುವಾರದಿಂದ ಸಾಕ್ಷಿ ಸಮಯದಲ್ಲಿ ಒಂದು ಬದಲಾವಣೆ ಇರುತ್ತೆ, ಸೀನಿಯರ್ ಪಾಸ್ಟರ್ ಒಪ್ಪಿದಾರೆ. ಉತ್ತರ ಸಿಕ್ಕವರ ಜೊತೆಗೆ ಇನ್ನೂ ಕಾಯ್ತಿರೋರೂ ಮೈಕ್ ತಗೋಬಹುದು. ಲೇಆಫ್ ಆದವರು, ಸಪ್ಲಿ ಬಂದವರು, ವೀಸಾ ರಿಜೆಕ್ಟ್ ಆದವರು. "ಆದರೂ ಸ್ತೋತ್ರ" ಅಂತ ಬಲವಂತಕ್ಕೆ ಕೊನೇಲಿ ಸೇರಿಸಬೇಕಾಗಿಲ್ಲ. ಹೇಳಿ ಕೂತರೆ ಸಾಕು.

ಟರ್ಫ್ ಆಟ ಈ ಶನಿವಾರದಿಂದ ಮತ್ತೆ ಶುರು. ಮುಂಗೈ ಮುರಿದಿದ್ದ ತಮ್ಮನಿಗೆ ಪ್ಲಾಸ್ಟರ್ ಬಿಚ್ಚಿ ತಿಂಗಳುಗಳಾಯ್ತು, ಆದರೆ ಅವನು ಜನ ಸೇರೋ ಕಡೆ ಬರೋಕೆ ಇನ್ನೂ ಹೆದರ್ತಾನೆ. ಈವತ್ತೂ ಬಾಗಿಲ ಪಕ್ಕದಲ್ಲೇ ಕೂತಿದಾನೆ, ಅಲ್ಲೇ ಕೂತಿರಲಿ, ಯಾರೂ ತಿರುಗಿ ನೋಡಬೇಡಿ. ಆಟ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಮುತ್ತಿಕೊಂಡು ತಬ್ಬಿಕೊಳ್ಳೋ ನಮ್ಮ ಪದ್ಧತಿ ಸ್ವಲ್ಪ ದಿನ ಬೇಡ. ಗೋಲ್ ಹೊಡೆದವರು ಅವನ ಹತ್ರ ಹೋಗಿ ಕೈ ಕೊಡಿ, ಎಡಗೈಗೆ.

ಈಗ ಎದ್ದು ನಿಲ್ಲೋಣ. ಕೀಬೋರ್ಡ್ ಬೇಡ ಬ್ರದರ್, ಈವತ್ತು ಬೇಡ. ಹನ್ನೊಂದು ಮನೆಗಳಿಗೋಸ್ಕರ ಪ್ರಾರ್ಥನೆ ಮಾಡೋಣ. ಕರ್ತನೇ, ಆ ಗುಡ್ಡದ ಇಳಿಜಾರಿನಲ್ಲಿ ನೀನು ಅತ್ತ ಹಾಗೆ ಜೂನ್ 4ರ ಸಂಜೆ ನಮ್ಮ ಊರನ್ನ ನೋಡಿಯೂ ಅತ್ತಿರುತ್ತೀಯ. ನಾವು ಹಾಡ್ತಾ ಇದ್ವಿ, ನಮಗೆ ಕಾಣಲಿಲ್ಲ. ಆ ತಂದೆತಾಯಿಗಳನ್ನ ಈ ರಾತ್ರಿ ನೆನಪು ಮಾಡಿಕೋ. ನಿನ್ನ ನಾಮದಲ್ಲಿ ಬೇಡುತ್ತೇವೆ, ಆಮೆನ್.